ಅಕ್ಕಿಯೋ ಹಕ್ಕಿಯೋ

ನಮ್ಮ ಮಾವನ ಬಾಯಲ್ಲಿ ಹಲ್ಲೆಲ್ಲ ಗಟ್ಟಿಯಾಗಿವೆ, ಹಕಾರ ಮಾತ್ರ ಇಲ್ಲ. ಹಾಲು ಅವನಿಗೆ ಆಲು, ಹುಲಿ ಉಲಿ, ಹೌದು ಔದು. ಬೇರೆ ಯಾವ ಕಸುಬಿನವನಾಗಿದ್ದರೂ ಇದು ಹೇಗೋ ನಡೆದುಹೋಗುತ್ತಿತ್ತು. ಅವನು ದರ್ಜಿ. ಉಳಿದ ದರ್ಜಿಗಳೆಲ್ಲ ಬಟ್ಟೆ ಹೊಲಿಯುತ್ತಾರೆ, ನಮ್ಮ ಮಾವ ಒಲಿಯುತ್ತಾನೆ. "ನಾಳೆ ಅತ್ತು ಗಂಟೆಗೆ ಬನ್ನಿ ಮೇಡಂ, ಒಲಿದಿರ್ತೀನಿ" ಎಂದು ಬ್ಯಾಂಕಿಗೆ ಹೊಸದಾಗಿ ವರ್ಗವಾಗಿ ಬಂದ ಹೆಂಗಸೊಬ್ಬಳಿಗೆ ಒಮ್ಮೆ ಹೇಳಿಬಿಟ್ಟ. ಕೊರಳಿಗೆ ಟೇಪು ಹಾಕಿಕೊಂಡ, ತಲೆ ನರೆತ ಗಂಡಸೊಬ್ಬ ನಾಳೆಯೊಳಗೆ ತನಗೆ ಒಲಿಯುವುದಾಗಿ ಮಾತು ಕೊಡುತ್ತಿದ್ದಾನೆ, ಅದಕ್ಕೆ ತಾನು ಅತ್ತು ಬರಬೇಕಂತೆ. ಆಕೆ ಬ್ಯಾಗನ್ನು ಎದೆಗವಚಿಕೊಂಡು ನನ್ನ ಕಡೆ ನೋಡಿದಳು. "ಹತ್ತು ಗಂಟೆಗೆ ಬನ್ನಿ. ಹೊಲಿದಿರ್ತಾರೆ" ಎಂದೆ. ಆ ಅಂಗಡಿಯಲ್ಲಿ ಕಾಜಾ ತೆಗೆಯುವುದು, ಗುಂಡಿ ಹಚ್ಚುವುದು ನನ್ನ ಕೆಲಸ. ಮಾವನ ಮಾತಿಗೆ ಹಕಾರ ಹಚ್ಚುವುದು ಅದರ ಜೊತೆಗೆ ಬಂದ ಬಿಟ್ಟಿ ಚಾಕರಿ.

ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ. ಬಾಗಿಲ ಬಳಿ ಬೆಳಕಿಗೆ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಮೇಜು, ಹಿಂದೆ ಕನ್ನಡಿ, ಅದರ ಪಕ್ಕ ಬಟ್ಟೆ ತೊಟ್ಟು ನೋಡುವವರಿಗೆ ಒಂದು ಪರದೆ. ಪರದೆ ಗಿಡ್ಡ, ಹಾಗಾಗಿ ಒಳಗೆ ಯಾರಿದ್ದಾರೆ ಎನ್ನುವುದು ಚಪ್ಪಲಿಯಿಂದಲೇ ಗೊತ್ತಾಗುತ್ತದೆ. ಮೇಜು ಮಾವನದು, ಯಂತ್ರ ನಮ್ಮಮ್ಮನದು. ಅಮ್ಮ ಅವನ ಅಕ್ಕ. ಅವನು ಕತ್ತರಿಸಿದ್ದನ್ನು ಅವಳು ಹೊಲಿಯಬೇಕು, ಅವಳು ಹೊಲಿದದ್ದಕ್ಕೆ ಅವನು ಹೆಸರು ತಗೊಳ್ಳಬೇಕು. ಮದುವೆಗಳಾಗುವ ಮುಂಚಿನಿಂದ ಇಬ್ಬರೂ ಹೀಗೆ ಬೆನ್ನಿಗೆ ಬೆನ್ನು ಮಾಡಿ ಜಗಳವಾಡುತ್ತಲೇ ಬದುಕಿದ್ದಾರೆ. ಮಾವನ ಕತ್ತರಿ ಎಷ್ಟೇ ಚುರುಕಾದರೂ ಕಾಲರ್ ಕೂರಿಸುವುದಕ್ಕೆ ಅಮ್ಮನ ಕೈಯೇ ಆಗಬೇಕು. ಅವನು ಕೂರಿಸಿದ ಕಾಲರ್ ತೊಟ್ಟವರು ಯಾರೋ ಹಿಂದಿನಿಂದ ಕರೆದ ಹಾಗೆ ದಿನವಿಡೀ ಕತ್ತು ತಿರುಗಿಸಿಕೊಂಡೇ ಇರುತ್ತಾರೆ.

ಅಮ್ಮನಿಗೂ ಹುಟ್ಟಿನಿಂದ ಹಕಾರ ಇರಲಿಲ್ಲ. ನಮ್ಮಜ್ಜಿಗೂ ಇರಲಿಲ್ಲ, ಮನೆತನದಲ್ಲೇ ಇಲ್ಲ. ಆದರೆ ಶಾಲೆಯಲ್ಲಿ ಒಬ್ಬ ಮೇಡಂ ಅಮ್ಮನಿಗೆ ಗಂಟುಬಿದ್ದು, ಬೆರಳ ಗೆಣ್ಣಿಗೆ ಸ್ಕೇಲಿನಿಂದ ಬಾರಿಸಿ ಬಾರಿಸಿ ಹಕಾರ ಕಲಿಸಿದರು. ಕಲಿಸಿದ್ದು ಸ್ವಲ್ಪ ಹೆಚ್ಚಾಯಿತು. ಎಲ್ಲಿ ಬಿಟ್ಟರೆ ಏಟು ಬೀಳುತ್ತದೋ ಎಂಬ ಹೆದರಿಕೆಗೆ ಅಮ್ಮ ಇಲ್ಲದ ಕಡೆಯೂ ಒಂದು ಹಕಾರ ಹಾಕಿಬಿಡುತ್ತಾಳೆ. ಹರಟೆಯಲ್ಲಿ ಅಷ್ಟಾಗಿ ಬರುವುದಿಲ್ಲ. ಸಿಟ್ಟು ಬಂದಾಗ, ಇಲ್ಲವೇ ಮಾತು ಮುಖ್ಯವಾದಾಗ, ಬಂದೇ ಬರುತ್ತದೆ. ಅಂಗಿಯ ಅಂಚು ಹೊಲಿ ಎನ್ನುವುದು ಮಾವನ ಬಾಯಲ್ಲಿ "ಅಂಚು ಒಲಿ", ಅಮ್ಮನ ಬಾಯಲ್ಲಿ "ಹಂಚು ಹೊಲಿ". ದಾರಿಯಲ್ಲಿ ಹೋಗುವವರು ಕೇಳಿಸಿಕೊಂಡರೆ, ಒಳಗೊಬ್ಬ ಪ್ರೇಮದಲ್ಲಿ ಬಿದ್ದಿದ್ದಾನೆ, ಇನ್ನೊಬ್ಬಳು ಮನೆಯ ಮಾಡು ರಿಪೇರಿ ಮಾಡುತ್ತಿದ್ದಾಳೆ ಅಂದುಕೊಳ್ಳಬೇಕು.

ಅಂಗಡಿಯ ರೇಡಿಯೋ ಗೊರಗೊರ ಎಂದು ಕೊನೆಯುಸಿರೆಳೆದ ಮೇಲೆ ನಾನು ಮಾವನ ಫೋನಿನಲ್ಲಿ ಹುಡುಕುವ ಜಾಗವನ್ನು ತೋರಿಸಿಕೊಟ್ಟೆ. "ಈ ಮೈಕಿನ ಚಿತ್ರ ಒತ್ತಿ, ಏನು ಬೇಕೋ ಬಾಯಲ್ಲೇ ಹೇಳು ಮಾವ. ಯಾವ ಹಾಡು ಬೇಕಾದ್ರೂ ಬರುತ್ತೆ."

ಮಾವ ಕೈ ತೊಳೆದು ಬಂದ. ಗಂಟಲು ಸರಿಮಾಡಿಕೊಂಡ. ಸಾಹೇಬರ ಮುಂದೆ ನಿಂತವನ ಹಾಗೆ ಕೊಂಚ ಬಾಗಿ, "ಅಳೇ ಆಡು ಆಕಮ್ಮ" ಎಂದ.

ಅವನು ಕೇಳಿದ್ದು ಹಳೇ ಹಾಡು. ಫೋನಿಗೆ ಕೇಳಿಸಿದ್ದು ಅಳೆ ಮತ್ತು ಆಡು. ಅದಾದರೂ ಏನು ಮಾಡೀತು ಪಾಪ, ಆಡನ್ನು ಅಳೆಯುವುದು ಹೇಗೆ ಎಂಬ ವಿಡಿಯೋ ಹಾಕಿತು. ಅದರಲ್ಲಿ ಒಬ್ಬ ಮನುಷ್ಯ ಆಡಿನ ಎದೆಗೆ ಟೇಪು ಸುತ್ತಿ ಅದರ ತೂಕ ಲೆಕ್ಕ ಹಾಕುತ್ತಿದ್ದ. ನಾನು ನಕ್ಕು ಬೀಳುವುದರಲ್ಲಿದ್ದೆ. ಮಾವ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿ ಕೊನೆಯವರೆಗೂ ನೋಡಿದ. "ಟೇಪು ಸಡಿಲ ಇಡ್ದಿದಾನೆ" ಎಂದ ಆಮೇಲೆ. "ಇವ್ನು ಕೋಟು ಒಲಿದ್ರೆ ಆಡಿಗೆ ಕಂಕುಳಲ್ಲಿ ಜೋತಾಡುತ್ತೆ."

ಅವತ್ತಿನಿಂದ ಫೋನು ನಾವು ಆಡು ಸಾಕುವವರೆಂದು ತೀರ್ಮಾನಿಸಿತು. ಬೆಳಿಗ್ಗೆ ತೆರೆದರೆ ಆಡಿನ ಮೇವು, ಮಧ್ಯಾಹ್ನ ಆಡಿನ ಗೊರಸು. "ಹಾಡು ಕೇಳ್ತೀನಿ ಅಂತ ಹೋಗಿ ನಮ್ಮೋನು ಮಂದೆ ಕಟ್ಟಿದ" ಎಂದಳು ಅಮ್ಮ. ಮಾವ ಜಗ್ಗಲಿಲ್ಲ. ಹಕಾರ ಇಲ್ಲದ ಹಾಡುಗಳನ್ನು ಕೇಳಿದರೆ ಸರಿಯಾಗಿ ಬರುತ್ತವೆ ಎಂದು ಕಂಡುಕೊಂಡ. ಆಮೇಲೆ ಹಕಾರ ಇಲ್ಲದ ಹಾಡುಗಳೇ ಒಳ್ಳೆಯ ಹಾಡುಗಳು ಎಂದು ವಾದ ಮಾಡಲು ಶುರುಮಾಡಿದ. ಕೈಲಾಗದವನ ಸಿದ್ಧಾಂತ ಎಂದರೆ ಇದೇ ಇರಬೇಕು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ದಿನ ಹೋಟೆಲಿನ ಮಾಣಿಗಳಿಗೆ ಕೋಟು ಹೊಲಿಯುವ ದೊಡ್ಡ ಕೆಲಸ ನಡೆದಿತ್ತು. ಎಲ್ಲಕ್ಕೂ ನಿಲುವು ಕಾಲರು. ಮಾವನಿಗೆ ಖುಷಿ ಹೆಚ್ಚಾಗಿ ಅಜ್ಜಿಯ ಹಾಡು ನೆನಪಾಯಿತು. ಅಜ್ಜಿ ಎಂದರೆ ಇವರಿಬ್ಬರ ತಾಯಿ. ಗಂಡ ಹೋದ ಮೇಲೆ ಬಟ್ಟೆ ಕಾರ್ಖಾನೆಯಲ್ಲಿ ದುಡಿದು ಇಬ್ಬರನ್ನೂ ಸಾಕಿದವಳು, ತೀರಿಕೊಂಡು ಬಹಳ ಕಾಲವಾಯಿತು. ಅವಳು ಹಾಡುತ್ತಿದ್ದದ್ದು ಒಂದೇ ಹಾಡು. ಮಾವ ಫೋನಿನ ಮುಂದೆ ಬಾಗಿ ಅದರ ಮೊದಲ ಸಾಲು ಹೇಳಿದ: "ಅಕ್ಕಿ ಬಂತು ಅಂಗಳಕೆ, ಬಾಗಿಲ ತೆಗೆಯೋ ಕಂದ."

ಫೋನು ಅಕ್ಕಿಯ ಮೂಟೆಗಳನ್ನು ತೋರಿಸಿತು. ಅಮ್ಮ ಯಂತ್ರದಿಂದಲೇ ಕತ್ತು ಚಾಚಿ ನೋಡಿದಳು.

"ಮೂಟೆ ಯಾಕೋ ಬಂತು? ಹಕ್ಕಿ ಕೇಳು ಅದನ್ನ."

"ಅಕ್ಕಿನೇ ಕೇಳಿದ್ದು."

"ಬೇಯೋದಲ್ಲ ಕಣೋ, ಹಾರೋದು."

ಮಾವ ಕತ್ತರಿ ಕೆಳಗಿಟ್ಟ. "ನಮ್ಮಮ್ಮ ಆಡ್ತಿದ್ದಿದ್ದು ಬೇಯೋ ಅಕ್ಕಿ. ನೀನು ಇಷ್ಟು ವರ್ಷ ಏನಂದ್ಕೊಂಡಿದ್ದೆ?"

ಹುಟ್ಟಿದಾಗಿನಿಂದ ಇಬ್ಬರೂ ಒಂದೇ ಹಾಡನ್ನು ಎರಡು ಅರ್ಥದಲ್ಲಿ ಹಾಡಿಕೊಂಡು ಬಂದಿದ್ದರು. ಮಾವನ ಬಾಯಲ್ಲಿ ಎರಡೂ ಅಕ್ಕಿ, ಅಮ್ಮನ ಬಾಯಲ್ಲಿ ಎರಡೂ ಹಕ್ಕಿ. ಹಾಗಾಗಿ ಯಾರಿಗೂ ಅನುಮಾನವೇ ಬಂದಿರಲಿಲ್ಲ. ಫೋನು ಮೂಟೆ ತೋರಿಸಿ ಬಯಲು ಮಾಡಿತು.

"ಅಂಗಳಕ್ಕೆ ಬರೋಕೆ ಬೇಯೋದಕ್ಕೇನು ಕಾಲಿದ್ಯಾ?" ಎಂದಳು ಅಮ್ಮ.

"ಆರೋದಕ್ಕೋಸ್ಕರ ಯಾರಾದ್ರೂ ಬಾಗಿಲು ತೆಗೀತಾರಾ? ಮನೆಗೆ ಅಕ್ಕಿ ಬಂತು ಅಂದ್ರೆ ಕಂದ ಓಡೋಗಿ ತೆಗೀತಾನೆ."

"ನಿನ್ನ ಬಾಯಲ್ಲಿ ಹ ಇಲ್ಲ ಅಂದ್ರೆ ಕಿವೀಲೂ ಇಲ್ಲ."

"ನಿನ್ನ ಬಾಯಲ್ಲಿ ಇಲ್ಲದ್ದೆಲ್ಲ ಇದೆ."

ಮಾತಿಗೆ ಮಾತು ಬೆಳೆಯಿತು. ಅಜ್ಜಿಗೆ ಯಾರು ಹೆಚ್ಚು ಬೇಕಾಗಿದ್ದರು ಎನ್ನುವವರೆಗೆ ಹೋಯಿತು. ಅಲ್ಲಿಗೆ ಹೋದ ಜಗಳ ನಗುನಗುತ್ತ ವಾಪಸು ಬರುವುದಿಲ್ಲ. ಅಮ್ಮ ಎದ್ದು ತನ್ನ ನೂಲು ಸುತ್ತಿದ ಬಾಬಿನ್‌ಗಳ ಡಬ್ಬಿಯನ್ನು ಕೈಗೆತ್ತಿಕೊಂಡಳು. "ಹಾ ಹಾಡನ್ನ ನನ್ನ ಕಿವಿಗೆ ಕೇಳಿಸು. ಹಲ್ಲೀವರೆಗೂ ಹೀ ಹಂಗಡಿ ಮೆಟ್ಟಿಲು ಹತ್ತಲ್ಲ ನಾನು." ಇಷ್ಟೊಂದು ಹಕಾರ ಬಿದ್ದವು ಎಂದರೆ ಅವಳು ತಮಾಷೆ ಮಾಡುತ್ತಿಲ್ಲ ಎಂದೇ ಅರ್ಥ.

ಅವಳು ಬರಲಿಲ್ಲ. ಮೊದಮೊದಲು ಮಾವ ಶಿಳ್ಳೆ ಹಾಕಿಕೊಂಡು ಓಡಾಡಿದ. ಆಮೇಲೆ ತಾನೇ ಯಂತ್ರದ ಮುಂದೆ ಕೂತು ಒಂದು ಕಾಲರ್ ಕೂರಿಸಿದ. ಅದನ್ನು ತೊಟ್ಟು ನೋಡಿದ ಮಾಣಿ, "ಗಿರಾಕಿ ಎಡಗಡೆ ಕೂತ್ರೆ ಪರವಾಗಿಲ್ಲ, ಬಲಗಡೆಯವರಿಗೆ ಊಟ ಬಡಿಸೋಕಾಗಲ್ಲ" ಎಂದ. ಮಾವ ಬಿಚ್ಚಿ ಮತ್ತೆ ಹೊಲಿದ, ಮತ್ತೆ ಬಿಚ್ಚಿದ. ಕತ್ತರಿಸಿದ ಕೋಟುಗಳು ತಲೆಯಿಲ್ಲದ ಹಾಗೆ ಗೂಟಕ್ಕೆ ನೇತುಬಿದ್ದಿದ್ದವು. ಆದರೆ ಅವನನ್ನು ತಿಂದದ್ದು ಕೋಟುಗಳಲ್ಲ. "ಬೆನ್ನ ಇಂದೆ ಬೈಯೋರಿಲ್ದೆ ಕತ್ತರಿ ಓಡಲ್ಲ ಕಣೇ" ಎಂದು ಒಂದು ಮಧ್ಯಾಹ್ನ ತಾನಾಗಿಯೇ ಹೇಳಿದ. ನನಗೆ ನಿಜಕ್ಕೂ ಸಂಕಟವಾಯಿತು.

"ಹೋಗಿ ಕರ್ಕೊಂಡು ಬಾ ಮಾವ."

"ಆಡು ಸಿಗ್ದೆ ಓಗಲ್ಲ."

"ನಾನು ಟೈಪ್ ಮಾಡಿ ಹುಡುಕ್ತೀನಿ."

"ಬೇಡ. ನೀನು ನಿಮ್ಮಮ್ಮನ ಪಾರ್ಟಿ. ಬೇಕಂತಲೇ ರೆಕ್ಕೆ ಸೇರಿಸ್ತೀಯ."

ಕೊನೆಗೆ ಹಕಾರವನ್ನೇ ಕಲಿಯುವುದೆಂದು ತೀರ್ಮಾನವಾಯಿತು. ಕನ್ನಡಿಯ ಮುಂದೆ ನಿಲ್ಲಿಸಿ, ಗಾಜು ಮಬ್ಬಾಗುವ ಹಾಗೆ ಉಸಿರು ಬಿಡು, ಅದೇ ಹ, ಎಂದು ಹೇಳಿಕೊಟ್ಟೆ. ಕನ್ನಡಿಯೇನೋ ಚೆನ್ನಾಗಿ ಮಬ್ಬಾಯಿತು, ಪ್ಯಾಂಟು ತೊಟ್ಟು ನೋಡಲು ಬಂದವರು ಒರೆಸಿಕೊಂಡು ನೋಡಬೇಕಾಯಿತು. ಫೋನಿನ ಮುಂದೆ ನಿಂತಾಗ ಮಾತ್ರ ಮಾವ "ಹ... ಹ... ಹ... ಅಕ್ಕಿ" ಎಂದ. ಫೋನು ಅದನ್ನು ನಗು ಎಂದು ತಿಳಿದು ಬಿದ್ದು ಬಿದ್ದು ನಗುವ ಕೂಸುಗಳ ವಿಡಿಯೋ ಹಾಕಿತು. ಅಷ್ಟು ಕೂಸುಗಳು ಒಟ್ಟಿಗೆ ತನ್ನನ್ನು ನೋಡಿ ನಕ್ಕದ್ದು ಮಾವನಿಗೆ ಸಹಿಸಲಾಗಲಿಲ್ಲ. ಎರಡು ದಿನ ಫೋನನ್ನು ಬಟ್ಟೆಯ ತುಂಡುಗಳ ಅಡಿಯಲ್ಲಿ ಬಚ್ಚಿಟ್ಟ.

ಹಾಡು ಸಿಕ್ಕಿದ್ದು ಅವನು ಬಾಯಿ ಮುಚ್ಚಿಕೊಂಡಿದ್ದಾಗ. ಅವತ್ತು ಮತ್ತೆ ಹುಡುಕಲು ಹೊರಟು ಹೆಬ್ಬೆರಳಲ್ಲಿ ಒತ್ತಿದ್ದ. ಒತ್ತಿದ್ದು ಮೈಕನ್ನಲ್ಲ, ಅದರ ಪಕ್ಕದ ಸಂಗೀತದ ಗುರುತನ್ನು. ಅದನ್ನು ಒತ್ತಿದರೆ ಫೋನು ಮಾತು ಕೇಳುವುದಿಲ್ಲ, ರಾಗ ಕೇಳುತ್ತದೆ. ಅಷ್ಟರಲ್ಲಿ ಮಾಣಿ ಬಂದ. ಮಾವ ಅಭ್ಯಾಸದಂತೆ ಗುಂಡುಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಕೋಟಿನ ಅಂಚು ಮಡಿಸತೊಡಗಿದ. ಬಾಯಲ್ಲಿ ಪಿನ್ನಿದ್ದಾಗ ಅವನು ಮಾತಾಡುವುದಿಲ್ಲ, ಗುನುಗುತ್ತಾನೆ. ಅಜ್ಜಿಯ ಹಾಡನ್ನೇ ಗುನುಗಿದ. ಮೂಗಿನಿಂದ ಬರುವ ರಾಗಕ್ಕೆ ಅಕಾರವೂ ಇಲ್ಲ, ಹಕಾರವೂ ಇಲ್ಲ. ಫೋನು ಮೇಜಿನ ಮೇಲೆ ಸಣ್ಣಗೆ ಕಂಪಿಸಿ ಒಂದು ಹಾಡಿನ ಹೆಸರು ತೋರಿಸಿತು.

ಹೆಸರನ್ನು ನಮಗೆ ಓದಲಾಗಲಿಲ್ಲ. ಬಳ್ಳಿ ಹಬ್ಬಿದ ಹಾಗಿದ್ದ ಯಾವುದೋ ಲಿಪಿ. ಒತ್ತಿದೆ. ಯಾವ ದೇಶದವಳೋ ಒಬ್ಬ ಹೆಂಗಸು ಹಾಡತೊಡಗಿದಳು. ರಾಗ ಅದೇ, ಏರಿದ್ದು ಇಳಿದದ್ದು ಎಲ್ಲ ಅದೇ. ಮಾತು ಮಾತ್ರ ಒಂದೂ ನಮ್ಮದಲ್ಲ. ಅಕ್ಕಿ ಬರಬೇಕಾದ ಜಾಗಕ್ಕೆ ಮಾವ ಉಸಿರು ಬಿಗಿಹಿಡಿದ. ಅವಳು ಅಲ್ಲಿ ಬೇರೇನೋ ಹಾಡಿ ಮುಂದೆ ಹೋದಳು. ಕಾಳೂ ಇಲ್ಲ, ರೆಕ್ಕೆಯೂ ಇಲ್ಲ.

ಮಾವ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. "ಕಾರ್ಖಾನೇಲಿ ರೇಡಿಯೋ ಇತ್ತು" ಎಂದ. "ಯಾರ್ದೋ ಭಾಷೇದು ಕೇಳ್ಕೊಂಡು ಬಂದು ಮಾತು ತಾನೇ ಕಟ್ಕೊಂಡಿದಾಳೆ. ಬಟ್ಟೆ ಯಾರ್ದೋ, ಒಲಿಗೆ ನಮ್ಮಮ್ಮನ್ದು."

ಹಾಡನ್ನು ಇನ್ನೊಮ್ಮೆ ಹಾಕಿಸಿದ. ಮಾಣಿ ಒಂದೇ ತೋಳು ಹಾಕಿಕೊಂಡು ನಿಂತೇ ಇದ್ದ. ಆಮೇಲೆ ಮಾವ ನನ್ನನ್ನು ಹತ್ತಿರ ಕರೆದ. ಈ ಹಾಡು ಅಕ್ಕನಿಗೆ ಗೊತ್ತಾಗುವುದು ಬೇಡ, ನಾಳೆ ತಾನೇ ಮನೆಗೆ ಬಂದು, ಹಾಡು ಸಿಕ್ಕಿತು, ಅದರಲ್ಲಿರುವುದು ಹಾರುವುದೇ, ನೀನೇ ಗೆದ್ದೆ ಎಂದು ಹೇಳಿಬಿಡುತ್ತೇನೆ ಎಂದ. "ಸೋತ್ರೆ ಏನು ಗಂಟು ಓಗುತ್ತೆ? ಅವ್ಳು ಬರ್ಲಿ. ನೀನು ಬಾಯಿ ಬಿಟ್ರೆ ನನ್ನಾಣೆ."

ಆಣೆ ಎಂದರೆ ಆಣೆ. ಹಾಡು ಸಿಕ್ಕಿದ ವಿಷಯ ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಆದರೆ ಫೋನಿನ ಮುಂದೆ ಗುನುಗುವುದು ಹೇಗೆಂದು ಅಮ್ಮನಿಗೆ ತೋರಿಸಬಾರದು ಎಂದು ಮಾವ ಎಲ್ಲಿ ಹೇಳಿದ್ದ? ಸಂಜೆ ಅಡುಗೆಮನೆಯಲ್ಲಿ ನನ್ನ ಫೋನನ್ನು ಡಬ್ಬಿಗೆ ಒರಗಿಸಿಟ್ಟು, "ಹೀಗೂ ಹುಡುಕಬಹುದಂತೆ ಅಮ್ಮ" ಎಂದೆ, ಅಷ್ಟೇ. ಅವಳು ಪಾತ್ರೆ ತೊಳೆಯುತ್ತಲೇ ಗುನುಗಿದಳು. ಅದೇ ಹೆಂಗಸು ಬಂದು ಹಾಡಿದಳು. ಅಮ್ಮ ನಲ್ಲಿ ನಿಲ್ಲಿಸಿ ಪೂರ್ತಿ ಕೇಳಿದಳು, ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇದನ್ನ ನಿಮ್ಮ ಮಾವನಿಗೆ ಹೇಳ್ಬೇಡ. ಬೇಯೋದೇ ಸರಿ, ನೀನೇ ಗೆದ್ದೆ ಅಂತ ನಾನೇ ಹೇಳ್ತೀನಿ ಹವನಿಗೆ. ಕಾಲರ್ ಹಾಳುಮಾಡ್ಕೊಂಡು ಕೂತಿರ್ತಾನೆ ಪಾಪ. ಬಾಯಿ ಬಿಟ್ರೆ ನನ್ನಾಣೆ."

ಎರಡು ಆಣೆಗಳನ್ನು ಒಂದೇ ಬಾಯಲ್ಲಿ ಇಟ್ಟುಕೊಂಡು ನಾನು ಊಟ ಮಾಡಿದೆ. ನಗು ನೆತ್ತಿಗೇರಿ ಕೆಮ್ಮು ಬಂತು.

ಬೆಳಿಗ್ಗೆ ಮಾವ ಕೋಟುಗಳ ಗಂಟನ್ನು ಹೊತ್ತು ನಮ್ಮ ಬಾಗಿಲಿಗೆ ಬಂದ. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. "ಅಕ್ಕ, ಆಡು ಸಿಕ್ತು. ನೀನೇ ಗೆದ್ದೆ. ಅದು ಅಕ್ಕಿನೇ."

"ನನಗೂ ಸಿಕ್ತು ಕಣೋ" ಎಂದಳು ಅಮ್ಮ. "ನೀನೇ ಸರಿ. ಹದು ಹಕ್ಕಿನೇ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವನು ಹೇಳಿದ್ದು ಹಾರುವುದು, ಅವಳು ಹೇಳಿದ್ದು ಬೇಯುವುದು. ಕಿವಿಗೆ ಬಿದ್ದದ್ದು ಮಾತ್ರ ಹಳೇ ಜಗಳವೇ.

"ಅಯ್ಯೋ, ಅಕ್ಕಿ ಅಲ್ಲ, ಅಕ್ಕಿ" ಎಂದ ಮಾವ.

"ಅದೇ ನಾನೂ ಹೇಳ್ತಿರೋದು. ಹಕ್ಕಿ ಅಲ್ಲ, ಹಕ್ಕಿ."

"ಆರೋ ಅಕ್ಕಿ, ಆರೋದು." ಬಿಸಿಲಿಗೆ ಹರಡಿದ ಅಕ್ಕಿ ಆರುತ್ತಿದೆ ಎಂದ ಹಾಗೇ ಕೇಳಿಸಿತು.

"ಹಾರ್‍ಸಿದ್ರೂ ಸರಿ, ಬೇಯ್ಸಿದ್ರೂ ಸರಿ, ನೀನಂದಿದ್ದನ್ನೇ ಒಪ್ಕೊಂಡಿದೀನಲ್ಲೋ. ಬೇಯೋ ಹಕ್ಕಿ."

ಮಾವ ಬೇಸತ್ತು ಗಂಟನ್ನು ಕೆಳಗಿಟ್ಟು ಎರಡೂ ತೋಳುಗಳನ್ನು ರೆಕ್ಕೆಯ ಹಾಗೆ ಬಡಿದ. ಅಮ್ಮ ತಲೆಯಾಡಿಸುತ್ತ ಐದೂ ಬೆರಳು ಕೂಡಿಸಿ ತುತ್ತು ಬಾಯಿಗಿಡುವಂತೆ ತೋರಿಸಿದಳು. ಅವನು ಇನ್ನೂ ಜೋರಾಗಿ ಹಾರಿದ, ಅವಳು ಇನ್ನೂ ದೊಡ್ಡ ತುತ್ತು ತಿಂದಳು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿ, ಏನೆಂದು ಕೇಳಲು ಧೈರ್ಯವಾಗದೆ ಮುಚ್ಚಿಕೊಂಡರು. ನಾನು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದೆ, ಇಲ್ಲದಿದ್ದರೆ ಬಿದ್ದುಹೋಗುತ್ತಿದ್ದೆ.

ಮೊದಲು ನಿಂತವಳು ಅಮ್ಮ. "ತಡಿ. ನಿಂಗೆ ಸಿಕ್ಕಿದ ಹಾಡಲ್ಲಿ ರೆಕ್ಕೆ ಎಲ್ಲಿತ್ತೋ? ಅದು ಯಾವ ಭಾಷೆ ಅಂತಾನೇ ತಿಳಿಯಲ್ಲ."

ಮಾವ ತೋಳು ಇಳಿಸಿದ. "ನಿಂಗೆ ಸಿಕ್ಕಿದ್ದರಲ್ಲಿ ತುತ್ತು ಎಲ್ಲಿತ್ತು?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಮಾವನಿಗೆ ನೀರು ತರುವ ನೆಪದಲ್ಲಿ ಒಳಗೆ ಹೋದೆ. ಬರುವಷ್ಟರಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು.

"ಅಮ್ಮ ಕೆಲಸದಿಂದ ಬಂದಾಗ ಬಾಗಿಲು ತೆಗೀತಿದ್ದೋನು ನಾನು" ಎನ್ನುತ್ತಿದ್ದ ಮಾವ. "ಚೀಲದಲ್ಲಿ ಅಕ್ಕಿ ಇದ್ದ ದಿನ ಒರಗಡೆಯಿಂದಲೇ ಆಡ್ತಿದ್ಳು. ಇಲ್ಲದ ದಿನ ಸುಮ್ನೆ ಬಾಗಿಲು ತಟ್ತಿದ್ಳು. ಅದಕ್ಕೇ ನಂಗೆ ಅದು ಅಕ್ಕಿ."

"ಅದಕ್ಕೂ ಮುಂಚೆ ನೀನಿನ್ನೂ ಕೂಸು. ಅವಳು ಕೆಲಸಕ್ಕೆ ಹೋದ್ರೆ ಒಂದೇ ಸಮ ಅಳ್ತಿದ್ದೆ. ನಾನು ಎತ್ಕೊಂಡು ಕಿಟಕೀಲಿ ಗುಬ್ಬಿ ತೋರಿಸಿ ಇದನ್ನೇ ಹಾಡ್ತಿದ್ದೆ. ಸುಮ್ಮನಾಗ್ತಿದ್ದೆ ನೀನು. ನಿಂಗೆಲ್ಲಿ ನೆನಪಿರುತ್ತೆ."

ಮಾವನಿಗೆ ಅದು ಗೊತ್ತೇ ಇರಲಿಲ್ಲ. ತನ್ನ ಬೆರಳಿನ ಕತ್ತರಿಯ ಜಡ್ಡನ್ನು ಉಜ್ಜಿಕೊಂಡ. "ಇದ್ದಾಗ ಅಮ್ಮನ್ನ ಒಂದು ಮಾತು ಕೇಳ್ಬೋದಿತ್ತು ಅಕ್ಕ" ಎಂದ. "ಇಬ್ಬರಿಗೂ ತೋಚ್ಲಿಲ್ಲ ನೋಡು."

"ಕೇಳಿದ್ರೂ ಏನಂತಿದ್ಳು?" ಎಂದ ಅಮ್ಮ ಅಜ್ಜಿಯ ದನಿಯನ್ನು ಅಣಕಿಸಿದಳು. "ಅವಳಿಗೂ ಹ ಬರ್ತಿರ್ಲಿಲ್ಲ. ಅಕ್ಕಿ ಅಂತಿದ್ಳು."

ಇಬ್ಬರೂ ನಗತೊಡಗಿದರು. ನಕ್ಕು ನಕ್ಕು ಅಮ್ಮನಿಗೆ ಅಳು ಬಂತು, ಅವಳು ಅದನ್ನು ಮುಚ್ಚಿಡಲಿಲ್ಲ. ಮಾವ ತನ್ನ ಕೊರಳಿನ ಟೇಪನ್ನೇ ಕಣ್ಣೊರೆಸಲು ಚಾಚಿ, ತಪ್ಪು ಗೊತ್ತಾಗಿ, ಗಂಟಿನಿಂದ ಒಂದು ಬಟ್ಟೆ ತುಂಡು ಹುಡುಕಿ ಕೊಟ್ಟ. ಅಮ್ಮ ಆ ಗಂಟನ್ನು ಬಿಚ್ಚಿ, ಅವನು ಹೊಲಿದ ಕಾಲರೊಂದನ್ನು ಎತ್ತಿ ಹಿಡಿದು, ಇದನ್ನು ಹೊಲಿದ ಕೈಯನ್ನು ಮೊದಲು ಕತ್ತರಿಸಬೇಕು ಎಂದಳು. ಮಾವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಜೀವ ಬಂದಂತಾಯಿತು. ಆ ಮಧ್ಯಾಹ್ನವೇ ಅವಳು ಅಂಗಡಿಯ ಮೆಟ್ಟಿಲು ಹತ್ತಿದಳು.

ಕೋಟುಗಳೆಲ್ಲ ಹೋದವು. ಫೋನಿನಲ್ಲಿ ಆ ದೇಶದ ಹೆಂಗಸಿನ ಹಾಡನ್ನು ಆಗಾಗ ಹಾಕುತ್ತೇವೆ. ಮುಗಿದ ಮೇಲೆ ಇಬ್ಬರೂ ಬೆನ್ನಿಗೆ ಬೆನ್ನು ಮಾಡಿಕೊಂಡೇ ನಮ್ಮ ಮಾತುಗಳಲ್ಲಿ ಹಾಡುತ್ತಾರೆ. ಆದರೆ ಮೊದಲನೆಯ ಮಾತು ಬಂದಾಗ, ಅವಳೇ ಹೇಳಿಕೊಳ್ಳಲಿ ಎಂದು ಅವನು ಬಿಡುತ್ತಾನೆ, ಅವನೇ ಹೇಳಿಕೊಳ್ಳಲಿ ಎಂದು ಅವಳು ಬಿಡುತ್ತಾಳೆ. ಅಷ್ಟು ಜಾಗದಲ್ಲಿ ಯಂತ್ರದ ಸದ್ದು ಮಾತ್ರ. ಆಮೇಲೆ ಇಬ್ಬರೂ ಒಟ್ಟಿಗೆ "ಬಂತು ಅಂಗಳಕೆ, ಬಾಗಿಲ ತೆಗೆಯೋ ಕಂದ" ಎಂದು ಮುಂದುವರಿಸುತ್ತಾರೆ.

ಮೊನ್ನೆ ಆ ಬ್ಯಾಂಕಿನ ಹೆಂಗಸು ಕುಪ್ಪಸದ ಅಳತೆ ಕೊಡಲು ಬಂದಿದ್ದಳು. ಇದನ್ನು ಕೇಳಿಸಿಕೊಂಡು ನನ್ನ ಹತ್ತಿರ ಬಂದು, "ಅಂಗಳಕ್ಕೆ ಬಂದಿದ್ದು ಏನ್ರೀ? ಅದನ್ನೇ ಹೇಳಲ್ವಲ್ಲ ಇವ್ರು" ಎಂದು ಕೇಳಿದಳು.

"ನಮ್ಮಜ್ಜಿ" ಎಂದೆ.